ಸಂಬಳದ ಗಾಲಿ

ಸ್ಮರಣ ಸಂಚಿಕೆಯ ಸಂಪಾದಕ ಮಿತ್ರರು ಗಡಿನಾಡಿನ ಕನ್ನಡ ಶಾಲೆಗಳ ಸ್ಥಿತಿಗತಿಯನ್ನು ಕುರಿತು ಬರೆದುಕೊಡಬೇಕೆಂದು ಕೇಳಿದ್ದರು. ಆ ವಿಷಯವಾಗಿ ಹಿಂದಿನ ಸಂಚಿಕೆಗಳಲ್ಲಿ ನಾವು ಬರೆದದ್ದೇ ಸಾಕಷ್ಟಿದೆ. ಸ್ಥಿತಿಯೂ ಬದಲಾಗಿಲ್ಲ, ಗತಿಯೂ ಬದಲಾಗಿಲ್ಲ. ಆದುದರಿಂದ ಈ ಬಾರಿ ಅವರ ಕ್ಷಮೆ ಕೋರಿ, ನಮ್ಮ ಮನೆಯ ಟ್ರಂಕಿನಲ್ಲಿ ಸುಮಾರು ಅರವತ್ತು ವರ್ಷ ಮಲಗಿದ್ದ ಒಂದು ಮರದ ಗಾಲಿಯ ವಿಚಾರವನ್ನು ಹೇಳಲು ಹೊರಟಿದ್ದೇವೆ. ಅದು ಮೀನು ಹಿಡಿಯುವ ಗಾಳದ ಕೋಲಿಗೆ ಕಟ್ಟುವ ರೀಲು. ನಮ್ಮದು ಮೀನು ಮುಟ್ಟದ ಮನೆ ಎಂಬುದನ್ನು ಬಲ್ಲ ಸಂಘದ ಹಿರಿಯರು ಹುಬ್ಬೇರಿಸಬಾರದು. ನೀಲಗಿರಿಯ ತೋಟಗಳ ಸುತ್ತ ಬೆಳೆದ ಅನೇಕ ಕನ್ನಡ ಕುಟುಂಬಗಳ ಮನೆಯಲ್ಲಿ ಬಂಗಲೆಯಿಂದ ಬಂದ ಯಾವುದಾದರೊಂದು ವಸ್ತು, ನಿಂತುಹೋದ ಗಡಿಯಾರವೋ, ಹಿಡಿ ಮುರಿದ ಪಿಂಗಾಣಿ ಬಟ್ಟಲೋ, ಇದ್ದೇ ಇರುತ್ತದೆ. ನಮ್ಮ ಪಾಲಿಗೆ ಬಂದದ್ದು ಇದು.

ಮೊದಲು ವಸ್ತುವನ್ನು ಕಣ್ಣ ಮುಂದೆ ಇಡುತ್ತೇವೆ. ಅಡ್ಡಳತೆ ನಾಲ್ಕೂವರೆ ಅಂಗುಲ. ಅಕ್ರೋಟು ಮರವನ್ನು ಚರಕಿಗೆ ಹಾಕಿ ತಿರುಗಿಸಿ ತೆಗೆದ ಎರಡು ಭಾಗಗಳು: ಒಂದು ಹಿಂದಿನ ಬಿಲ್ಲೆ, ಇನ್ನೊಂದು ದಾರ ಸುತ್ತುವ ಉರುಳೆ. ಬಿಲ್ಲೆಯ ಬೆನ್ನಿಗೆ ನಕ್ಷತ್ರದ ಹಾಗೆ ನಾಲ್ಕು ತೋಳು ಚಾಚಿದ ಹಿತ್ತಾಳೆಯ ಪಟ್ಟಿ. ಉರುಳೆಯ ಮುಖದ ಮೇಲೆ ಎದುರುಬದುರಾಗಿ ಕೊಂಬಿನ ಎರಡು ಪುಟ್ಟ ಹಿಡಿಗಳು. ನಡುವೆ ಒಂದೇ ಒಂದು ಉಕ್ಕಿನ ಅಚ್ಚು. ಕಟಕಟ ಸದ್ದು ಮಾಡಲು ಇಟ್ಟ ಸಣ್ಣ ಹಲ್ಲುಗಾಲಿಯೊಂದನ್ನು ಬಿಟ್ಟರೆ ಒಳಗೆ ಯಾವ ಯಂತ್ರವೂ ಇಲ್ಲ; ಬೇಡವೆಂದಾಗ ಆ ಸದ್ದನ್ನೂ ಒಂದು ಗುಂಡಿ ಸರಿಸಿ ನಿಲ್ಲಿಸಬಹುದು. ಆಗ ಬೆರಳಿನಿಂದ ಅಂಚನ್ನು ಮೆಲ್ಲನೆ ಸವರಿದರೆ ಉರುಳೆ ನಿಶ್ಶಬ್ದವಾಗಿ ತಿರುಗತೊಡಗುತ್ತದೆ, ತಿರುಗುತ್ತಲೇ ಇರುತ್ತದೆ. ಇಂಗ್ಲೆಂಡಿನಲ್ಲಿ ಇದನ್ನು ಸೆಂಟರ್‌ಪಿನ್ ರೀಲು ಎನ್ನುತ್ತಾರೆ. ನಡುವಿನ ಮೊಳೆಯ ಮೇಲೆ ತಿರುಗುವುದು ಎಂದಷ್ಟೇ ಅರ್ಥ. ಇದು ನಮಗೆ ತಿಳಿದದ್ದು ಬಹಳ ತಡವಾಗಿ. ಮನೆಯಲ್ಲಿ ಅಪ್ಪ ಅದನ್ನು 'ಗಾಲಿ' ಎನ್ನುತ್ತಿದ್ದರು. ಅವ್ವ 'ಸಂಬಳ' ಎನ್ನುತ್ತಿದ್ದಳು.

ಅಪ್ಪ ಗುಂಡ್ಲುಪೇಟೆಯ ಕಡೆಯಿಂದ ಹೊಟ್ಟೆಪಾಡಿಗಾಗಿ ಗೂಡಲೂರಿಗೆ ಬಂದವರು. ಅಲ್ಲಿ ಒಬ್ಬ ಬಿಳಿಯ ತೋಟದ ದೊರೆಯ ಬಂಗಲೆಯಲ್ಲಿ ಸಾಮಾನು ನೋಡಿಕೊಳ್ಳುವ ಆಳಾಗಿ ಸೇರಿದರು. ದೊರೆಗೆ ಮೀನಿನ ಹುಚ್ಚು. ಆ ಕಾಲದ ಇಂಗ್ಲಿಷರಲ್ಲಿ ಇದು ಅಪರೂಪದ ಹುಚ್ಚೇನೂ ಆಗಿರಲಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರು ಭಾರತದ ಹೊಳೆಗಳಲ್ಲಿ ಗಾಳ ಹಾಕುವ ಬಗೆಯನ್ನು ಕುರಿತೇ ಒಂದು ಪುಸ್ತಕ ಬರೆದು 1873ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ್ದರು. ಉದಕಮಂಡಲದ ಮೇಲಿನ ತೊರೆಗಳಿಗೆ ಪರದೇಶದ ಟ್ರೌಟ್ ಮೀನನ್ನು ತಂದು ಬಿಟ್ಟು, ಅದಕ್ಕಾಗಿ ಅವಲಾಂಚೆಯಲ್ಲಿ ಮರಿ ಮಾಡಿಸುವ ಕೊಳಗಳನ್ನು ಕಟ್ಟಿಸಿದ್ದೂ ಇದೇ ಹುಚ್ಚು. ಆದರೆ ನಮ್ಮ ದೊರೆಗೆ ಟ್ರೌಟು ರುಚಿಸುತ್ತಿರಲಿಲ್ಲ. ಆತನ ಕಣ್ಣು ಕೆಳಗಿನ ಮೋಯಾರ್ ಹೊಳೆಯ ಮೇಲೆ. ಅಲ್ಲಿ ಬಿಳಿಮೀನು ಇತ್ತು, ಇಂಗ್ಲಿಷರು ಮಹಸೀರ್ ಎನ್ನುತ್ತಿದ್ದ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು ಕಬಿನಿಯಲ್ಲಿ 120 ಪೌಂಡು ತೂಗುವ ಮಹಸೀರನ್ನು ಗಾಳದಲ್ಲಿ ಹಿಡಿದ ಸುದ್ದಿ ತೋಟದ ಕ್ಲಬ್ಬುಗಳಲ್ಲೆಲ್ಲ ಹರಡಿತ್ತಂತೆ. 120 ಪೌಂಡೆಂದರೆ ಐವತ್ತನಾಲ್ಕು ಕಿಲೋ. ನಮ್ಮ ಶ್ರೀಮತಿಯವರ ತೂಕಕ್ಕಿಂತ ತುಸು ಹೆಚ್ಚು. ದೊರೆಗೆ ಅಂಥದ್ದು ಎಂದೂ ಸಿಕ್ಕಲಿಲ್ಲ. ಸಿಕ್ಕಿದ್ದೆಲ್ಲ ಐದು ಸೇರು, ಹತ್ತು ಸೇರಿನವು.

ಅಪ್ಪ ಕೋಲಿನ ಚೀಲ ಹೊತ್ತು ಹಿಂದೆ ಹೋಗುತ್ತಿದ್ದರು. ಮೀನನ್ನು ಮುಟ್ಟುವ ಕೆಲಸಕ್ಕೆ ಬೇರೊಬ್ಬ ಆಳಿದ್ದ. ಅಪ್ಪನ ಕೆಲಸ ದಾರ ಮತ್ತು ಗಾಲಿ. ಆಗ ನೈಲಾನು ಅಷ್ಟಾಗಿ ಬಳಕೆಗೆ ಬಂದಿರಲಿಲ್ಲ. ದೊರೆಯದು ರೇಷ್ಮೆಯ ದಾರ. ಒದ್ದೆಯಾದ ರೇಷ್ಮೆದಾರವನ್ನು ಹಾಗೆಯೇ ಬಿಟ್ಟರೆ ಕೊಳೆಯುತ್ತದೆ. ಹೊಳೆಯಿಂದ ಎಷ್ಟೇ ಹೊತ್ತಾಗಿ ಬಂದರೂ ವರಾಂಡದಲ್ಲಿ ಎರಡು ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಮಾಡಿ ದೂರದೂರ ಇಟ್ಟು, ನೂರು ಗಜ ದಾರವನ್ನೂ ಅವುಗಳ ಸುತ್ತ ಹರವಿ ಒಣಗಿಸಿ, ಮರುದಿನ ಮತ್ತೆ ಗಾಲಿಗೆ ಸುತ್ತಬೇಕು. ಒಂದು ಸುತ್ತಿನ ಮೇಲೆ ಇನ್ನೊಂದು ಏರಿ ಕೂತರೆ ದಾರ ಓಡುವಾಗ ಸಿಕ್ಕಿಕೊಳ್ಳುತ್ತದೆ. ಮೀನೂ ಹೋಗುತ್ತದೆ, ಆಳಿನ ಕೆಲಸವೂ ಹೋಗುತ್ತದೆ. ಆದ್ದರಿಂದ ನೇಯ್ಗೆಯವನು ಲಾಳಿಗೆ ನೂಲು ತುಂಬುವ ಹಾಗೆ ಸುತ್ತಬೇಕು. ಎಣ್ಣೆಯ ಪಾಠವನ್ನು ಅಪ್ಪ ಪೆಟ್ಟು ತಿಂದೇ ಕಲಿತರು. ಮೊದಲ ಸಲ ಅಚ್ಚಿಗೆ ಕೊಬ್ಬರಿ ಎಣ್ಣೆ ಹಾಕಿದ್ದರು. ಬೆಳಗಿನ ಚಳಿಗೆ ಅದು ಹೆಪ್ಪುಗಟ್ಟಿ ಗಾಲಿ ಅಲುಗದೆ ನಿಂತಿತು. ದೊರೆಯ ಬೂಟಿನ ರುಚಿ ಅಂದು ಗೊತ್ತಾಯಿತೆಂದು ಅಪ್ಪ ನಗುತ್ತಲೇ ಹೇಳುತ್ತಿದ್ದರು; ನಮಗೆ ನಗು ಬರುತ್ತಿರಲಿಲ್ಲ. ಆಮೇಲೆ ದರ್ಜಿಯ ಬಳಿ ಹೊಲಿಗೆ ಯಂತ್ರದ ಎಣ್ಣೆಯನ್ನು ಕಾಡಿಬೇಡಿ ತಂದು, ಕೋಳಿಗರಿಯ ತುದಿಯಿಂದ ಒಂದೇ ತೊಟ್ಟು ಬಿಡುತ್ತಿದ್ದರಂತೆ. ಎಷ್ಟೋ ವರ್ಷ ಈ ಗಾಲಿಯನ್ನು ದಿನವೂ ಕೈಯಲ್ಲಿ ಹಿಡಿದ ಮನುಷ್ಯ ಒಂದು ಸಲವೂ ಅದರಿಂದ ಗಾಳ ಹಾಕಲಿಲ್ಲ. ಹಾಕುವ ಹಕ್ಕು ಆಳಿಗೆ ಇರಲಿಲ್ಲ. ಜಾತಿಯ ಕಟ್ಟೂ ಒಪ್ಪುತ್ತಿರಲಿಲ್ಲ.

1959ರಲ್ಲಿ, ನಮಗೆ ಹತ್ತು ವರ್ಷವಾಗಿದ್ದಾಗ, ದೊರೆ ತೋಟವನ್ನು ಮಾರಿ ಸ್ವದೇಶಕ್ಕೆ ಹೊರಟ. ಅಪ್ಪನಿಗೆ ನಾಲ್ಕು ತಿಂಗಳ ಸಂಬಳ ಬಾಕಿಯಿತ್ತು. ತಿಂಗಳಿಗೆ ಮೂವತ್ತೈದು ರೂಪಾಯಿಯಂತೆ ನೂರಾ ನಲವತ್ತು ರೂಪಾಯಿ. ಹೊಸ ಮಾಲೀಕರು ಕೊಡುತ್ತಾರೆ ಎಂದು ದೊರೆ ಹೇಳಿದ. ಹಳೆಯ ಬಾಕಿ ತಮಗೆ ಸಂಬಂಧವಿಲ್ಲವೆಂದು ಹೊಸ ಮಾಲೀಕರು ಹೇಳಿದರು. ಹೊರಡುವ ದಿನ ಅಪ್ಪ ಜೀಪಿನ ಬಳಿ ನಿಂತೇ ಇದ್ದುದನ್ನು ಕಂಡು, ದೊರೆ ಸಾಮಾನಿನ ನಡುವಿನಿಂದ ಈ ಗಾಲಿಯನ್ನು ತೆಗೆದು ಅವರ ಕೈಗಿಟ್ಟು, ಭುಜ ತಟ್ಟಿ, ಇದು ನಿನಗೆ ಎಂದ. ಅದು ಉಡುಗೊರೆಯೋ, ಬಾಕಿಯ ತೀರುವಳಿಯೋ, ಕಾಟ ತಪ್ಪಿಸಿಕೊಳ್ಳುವ ಉಪಾಯವೋ ಎಂದು ನಾವು ವರ್ಷಗಟ್ಟಲೆ ಯೋಚಿಸಿದ್ದೇವೆ. ಅಪ್ಪ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ತಂದರು. ಅವ್ವ ಕೈಚಾಚಿದಳು, ಹಣಕ್ಕಾಗಿ. ಅಪ್ಪ ಗಾಲಿಯನ್ನು ಅವಳ ಅಂಗೈಯಲ್ಲಿಟ್ಟರು. ಅವಳು ಅದನ್ನು ಮಗುಚಿ ನೋಡಿ, "ಇದ ಬೇಯ್ಸಿದ್ರ ಹೊಟ್ಟ ತುಂಬುತ್ತಾ?" ಎಂದಳು. ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. ಆ ವರ್ಷದ ಮಳೆಗಾಲವನ್ನು ನಾವು ಹೇಗೆ ಕಳೆದೆವು ಎಂಬುದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಕಿವಿಯ ಓಲೆ ಹೋಯಿತು; ಒಂದು ಎಮ್ಮೆಯೂ ಹೋಯಿತು.

ಗಾಲಿ ಟ್ರಂಕು ಸೇರಿತು. ಅವ್ವನ ಎದುರಿಗೆ ಅದನ್ನು ತೆಗೆಯುವಂತಿರಲಿಲ್ಲ. ಆಯುಧಪೂಜೆಯ ದಿನ ಅವಳು ಕುಡುಗೋಲು, ಒನಕೆ, ಮೊರ, ನಮ್ಮ ಪುಸ್ತಕ, ಕೊನೆಗೆ ಅಪ್ಪನ ಛತ್ರಿಗೂ ಕುಂಕುಮ ಇಡುತ್ತಿದ್ದಳು. ಅದಕ್ಕೆ ಮಾತ್ರ ಇಡುತ್ತಿರಲಿಲ್ಲ. ಆದರೆ ಅವಳು ಸಂತೆಗೆ ಹೋದ ದಿನಗಳಲ್ಲಿ ಅಪ್ಪ ನಮ್ಮನ್ನೂ ತಮ್ಮನನ್ನೂ ಕರೆದು, ಟವೆಲಿನ ಮಡಿಕೆ ಬಿಚ್ಚಿ, ಗಾಲಿಯನ್ನು ಎಡಗೈಯಲ್ಲಿ ಹಿಡಿದು ಬಲಗೈಯ ಬೆರಳಿನಿಂದ ಒಮ್ಮೆ ಸವರುತ್ತಿದ್ದರು. ನಾವಿಬ್ಬರೂ ಎಣಿಸಬೇಕು. ಮೊದಲು ಹಿಡಿಗಳು ಕಾಣದ ಹಾಗೆ ಮಸುಕಾಗಿ, ಆಮೇಲೆ ಒಂದೊಂದಾಗಿ ಕಾಣಿಸಿಕೊಂಡು, ನಿಲ್ಲುವ ಮೊದಲು ಒಂದು ಕ್ಷಣ ಹಿಂದಕ್ಕೆ ಜೋಲಿ ಹೊಡೆದು ನಿಲ್ಲುತ್ತಿತ್ತು. ಇಪ್ಪತ್ತರವರೆಗೆ ಎಣಿಕೆ ಬಂದರೆ ಹವೆ ಒಣಗಿದೆ ಎಂದರ್ಥ. ಹನ್ನೆರಡಕ್ಕೇ ನಿಂತರೆ ಮರ ನೀರು ಕುಡಿದು ಉಬ್ಬಿದೆ, ಮಳೆ ಹತ್ತಿರವಿದೆ. ಆ ಒಂದಿಷ್ಟು ಹೊತ್ತು ಅಪ್ಪನ ಮುಖದಲ್ಲಿ ನೂರಾ ನಲವತ್ತು ರೂಪಾಯಿ ಕಳೆದುಕೊಂಡವನ ಕಳೆ ಇರುತ್ತಿರಲಿಲ್ಲ. ಇದನ್ನು ಬರೆಯಲು ನಮಗೆ ಸಂಕೋಚವೇ ಆಗುತ್ತದೆ, ಏಕೆಂದರೆ ಅವ್ವನ ಕಿವಿ ಬೋಳಾಗಿದ್ದುದೂ ಅದೇ ಕಾಲದಲ್ಲಿ.

ಮುಂದೆ ನಾವು ಓದಿ, ಬಿ.ಎ., ಬಿ.ಎಡ್. ಮುಗಿಸಿ, ತಾಳವಾಡಿ ಸೀಮೆಯ ಕನ್ನಡ ಶಾಲೆಗಳಲ್ಲಿ ಕೆಲಸ ಮಾಡಿದೆವು. ನಮ್ಮ ವಿಷಯ ಕನ್ನಡ ಮತ್ತು ಚರಿತ್ರೆ. ಆದರೆ ಗಡಿನಾಡಿನ ಶಾಲೆಯಲ್ಲಿ ಗಣಿತದ ಮೇಷ್ಟರ ಹುದ್ದೆ ಖಾಲಿ ಬಿದ್ದರೆ ಅದನ್ನು ತುಂಬುವುದು ಯಾರೆಂಬುದು ಎಲ್ಲರಿಗೂ ಗೊತ್ತಿರುವುದೇ. ಅಪ್ಪ ತೀರಿಕೊಂಡ ಮೇಲೆ ಒಂದು ದಿನ ವೃತ್ತದ ಪರಿಧಿಯ ಪಾಠಕ್ಕೆಂದು ಗಾಲಿಯನ್ನು ಶಾಲೆಗೆ ಒಯ್ದೆವು. ನಾಲ್ಕೂವರೆಯನ್ನು ಮೂರು ಬಿಂದು ಒಂದು ನಾಲ್ಕರಿಂದ ಗುಣಿಸಿದರೆ ಹದಿನಾಲ್ಕು ಅಂಗುಲ ಚಿಲ್ಲರೆ. ಒಂದು ಸುತ್ತಿಗೆ ಅಷ್ಟು ದಾರ. ನೂರು ಗಜಕ್ಕೆ ಎಷ್ಟು ಸುತ್ತು? ಮಕ್ಕಳು ಇನ್ನೂರೈವತ್ತೇಳು ಎಂದು ಭಾಗಾಕಾರ ಮಾಡಿ ಮುಗಿಸಿದರು. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸಾರ್, ದಾರ ಬಿಚ್ಚಿದ ಹಾಗೆಲ್ಲ ಉರುಳೆ ಸಣ್ಣದಾಗುವುದಿಲ್ಲವೇ? ಹಾಗಾದರೆ ಲೆಕ್ಕ ತಪ್ಪಲ್ಲವೇ?" ಎಂದಳು. ತಪ್ಪೇ. ಅಷ್ಟು ವರ್ಷ ಅದನ್ನು ಕೈಯಲ್ಲಿ ಹಿಡಿದಿದ್ದರೂ ನಮಗೆ ಹೊಳೆದಿರಲಿಲ್ಲ. ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ಸಂಜೆ ಮನೆಗೆ ಬಂದಾಗ ಅವ್ವನಿಗೆ ವಿಷಯ ಹೇಳಿದೆವು. "ಅಂತೂ ಒಂದಿನ ದುಡೀತು ಅನ್ನು" ಎಂದಳು.

ನಿವೃತ್ತಿಯಾದದ್ದು 2007ರಲ್ಲಿ. ಅವ್ವ ಹೋದದ್ದು ಅದಕ್ಕೆ ಎರಡು ವರ್ಷ ಮುಂಚೆ. 2017ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಶುಶ್ರೂಷಕಿಯಾಗಿರುವ ಮಗಳು ನಮ್ಮಿಬ್ಬರನ್ನೂ ಮೂರು ತಿಂಗಳಿಗೆ ಕರೆಸಿಕೊಂಡಳು. ಮನೆಯನ್ನು ಅಷ್ಟು ದಿನ ಬೀಗ ಹಾಕಿ ಬಿಡುವುದೆಂದು ಟ್ರಂಕನ್ನು ಖಾಲಿ ಮಾಡುವಾಗ ಗಾಲಿ ಕೈಗೆ ಬಂತು. ಹಿತ್ತಾಳೆಯನ್ನು ಉಜ್ಜಿ ನೋಡಿದರೆ, ಸವೆದುಹೋದ ಅಕ್ಷರಗಳಲ್ಲಿ ಓದಲು ಬಂದ ಪದ ಒಂದೇ: ನಾಟಿಂಗ್‌ಹ್ಯಾಮ್. ಸೀರೆಗಳ ನಡುವೆ ಅದನ್ನು ಇಟ್ಟುಕೊಂಡೆವು. ಕೊಯಮತ್ತೂರಿನ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆಸಿದ ತರುಣ ಇದೇನೆಂದು ಕೇಳಿದ. ಅಪ್ಪನ ಸಂಬಳ ಎಂದು ನಮ್ಮ ಶ್ರೀಮತಿಯವರು ತಮಿಳಿನಲ್ಲಿ ಗಂಭೀರವಾಗಿ ಉತ್ತರಿಸಿದರು. ಅವನು ಮುಚ್ಚಿ ಕಳಿಸಿದ.

ನಾಟಿಂಗ್‌ಹ್ಯಾಮಿನ ನಡುವೆ ಟ್ರೆಂಟ್ ನದಿ ಹರಿಯುತ್ತದೆ. ಕ್ರಿಕೆಟ್ಟಿನ ಟ್ರೆಂಟ್ ಬ್ರಿಜ್ ಮೈದಾನದ ಹೆಸರು ನಮ್ಮವರಿಗೆಲ್ಲ ಗೊತ್ತು. ಅದರ ಪಕ್ಕದ ಸೇತುವೆಯ ಕೆಳಗೆ ಹರಿಯುವುದೇ ಆ ನೀರು. ಅದರ ದಡಕ್ಕೆ ನಮ್ಮ ಕಲ್ಯಾಣಿಗಳ ಹಾಗೆ ಉದ್ದಕ್ಕೆ ಕಲ್ಲಿನ ಮೆಟ್ಟಿಲುಗಳಿವೆ. ಬೆಳಗಿನ ನಡಿಗೆಗೆ ಹೋದಾಗ ಅಲ್ಲಿ ಗಾಳ ಹಾಕಿ ಕೂತವರು ಕಾಣಿಸುತ್ತಿದ್ದರು. ಅವರಲ್ಲಿ ನಮ್ಮ ವಯಸ್ಸಿನ ಒಬ್ಬರು, ನಗರದ ಬಸ್ಸು ಓಡಿಸಿ ನಿವೃತ್ತರಾದವರು, ಮಾತಿಗೆ ಸಿಕ್ಕಿದರು. ಉಳಿದವರ ಕೋಲುಗಳಲ್ಲೆಲ್ಲ ಈ ಕಾಲದ ರೀಲು, ಅವರ ಕೋಲಿನಲ್ಲಿ ಮಾತ್ರ ದುಂಡನೆಯ ಬೆಳ್ಳಿಬಣ್ಣದ ಗಾಲಿ. ಸೈಕಲ್ಲಿನ ಚಕ್ರಕ್ಕಿರುವಂತೆ ಅದಕ್ಕೆ ಕಡ್ಡಿಗಳಿದ್ದವು. ನಾವು ಅದನ್ನೇ ದಿಟ್ಟಿಸುತ್ತಿದ್ದುದನ್ನು ಕಂಡು ಅವರು ಬೆರಳಿನಿಂದ ಒಮ್ಮೆ ತಿರುಗಿಸಿ ತೋರಿಸಿದರು. ನಾವು ಅಭ್ಯಾಸಬಲದಿಂದ ಮನಸ್ಸಿನಲ್ಲೇ ಎಣಿಸಿದೆವು. ಅರವತ್ತು ದಾಟಿದರೂ ನಿಲ್ಲಲಿಲ್ಲ. ಮರುದಿನ ನಮ್ಮದನ್ನು ಒಯ್ದೆವು.

ಆ ಹಿರಿಯರಿಂದ ಕೇಳಿ, ಆಮೇಲೆ ಅಲ್ಲಿಯ ಗ್ರಂಥಾಲಯದಲ್ಲಿ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳಬೇಕು. ಟ್ರೆಂಟ್ ನದಿಯಲ್ಲಿ ಮೀನು ಹಿಡಿಯುವುದಕ್ಕೆ ಆ ಊರಿನವರು ತಮ್ಮದೇ ಒಂದು ವಿಧಾನವನ್ನು ಕಂಡುಕೊಂಡಿದ್ದರು. ಹಗುರವಾದ ಬೆಂಡಿನ ಕೆಳಗೆ ಕೊಕ್ಕೆ ಕಟ್ಟಿ ನೀರಿಗೆ ಬಿಟ್ಟರೆ ಪ್ರವಾಹ ಅದನ್ನು ಕೊಂಡೊಯ್ಯುತ್ತದೆ. ಕೊಕ್ಕೆಯ ಹುಳು, ನೀರಿನಲ್ಲಿ ತಾನಾಗಿ ತೇಲಿಬರುವ ಹುಳುವಿನಂತೆಯೇ, ಅದೇ ವೇಗದಲ್ಲಿ ಸಾಗಬೇಕು. ದಾರ ಎಳೆದು ಹಿಡಿದರೆ ಹುಳು ಮೇಲಕ್ಕೆದ್ದು ಮೀನಿಗೆ ಸಂಶಯ ಬರುತ್ತದೆ. ಸಡಿಲ ಬಿಟ್ಟರೆ ಮೀನು ಕಚ್ಚಿದ್ದು ಕೈಗೆ ತಿಳಿಯುವುದಿಲ್ಲ. ಆದ್ದರಿಂದ ಹರಿವ ನೀರೇ ಗಾಲಿಯನ್ನು ತಿರುಗಿಸಿ ತನಗೆ ಬೇಕಾದಷ್ಟು ದಾರವನ್ನು ಎಳೆದುಕೊಳ್ಳುವಂತಿರಬೇಕು. ಅಷ್ಟು ಸಲೀಸಾಗಿ ತಿರುಗುವ ಗಾಲಿಯ ಅಗತ್ಯದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿದ್ದು ನಾಟಿಂಗ್‌ಹ್ಯಾಮ್ ರೀಲು. ಆ ಊರು ಲೇಸು ನೇಯುವುದಕ್ಕೆ ಹೆಸರಾದದ್ದು. ನೂಲಿನ ಉರುಳೆಗಳನ್ನು ಕಡೆಯುವ ಕಸಬಿನವರ ಕೈಯಿಂದಲೇ ಈ ಗಾಲಿಯೂ ಬಂತೆಂದು ಅಲ್ಲಿಯವರು ಹೇಳುತ್ತಾರೆ. ಮರ ಒದ್ದೆಯಾಗಿ ಸೊಟ್ಟಗಾಗುವುದನ್ನು ತಡೆಯಲು ಬೆನ್ನಿಗೆ ಹಿತ್ತಾಳೆಯ ನಕ್ಷತ್ರವನ್ನು ಬಡಿದರು. 1890ರ ದಶಕದಲ್ಲಿ ನಾಟಿಂಗ್‌ಹ್ಯಾಮಿನ ಹೆನ್ರಿ ಕಾಕ್ಸನ್ ಎಂಬವರ ಆಲೋಚನೆಯಂತೆ ರೆಡ್ಡಿಚ್ ಊರಿನ ಆಲ್‌ಕಾಕ್ ಕಂಪನಿ ಕಡ್ಡಿಗಳಿರುವ ಹಗುರವಾದ ಗಾಲಿಯನ್ನು ಮಾಡಿತು. ಅದರ ಹೆಸರು ಏರಿಯಲ್. ರೆಡ್ಡಿಚ್ ಸೂಜಿಗಳ ಊರು. ಸೂಜಿಯನ್ನು ಬಗ್ಗಿಸಿದರೆ ಗಾಳ, ಗಾಳ ಮಾಡಿದವರು ಆಮೇಲೆ ಗಾಲಿಯನ್ನೂ ಮಾಡಿದರು. ಬಸ್ಸಿನ ಹಿರಿಯರ ಬಳಿ ಇದ್ದದ್ದು ಏರಿಯಲ್, ಅವರ ತಂದೆಯದು.

ಇಂಥ ಗಾಲಿಯನ್ನು ಮೂಲೆಗೆ ತಳ್ಳಿದ್ದೂ ಒಬ್ಬ ನೂಲಿನ ಮನುಷ್ಯನೇ. ಬ್ರ್ಯಾಡ್‌ಫರ್ಡಿನ ಉಣ್ಣೆ ಗಿರಣಿಯ ಆಲ್ಫ್ರೆಡ್ ಇಲಿಂಗ್‌ವರ್ತ್ 1905ರಲ್ಲಿ ಬೇರೊಂದು ಬಗೆಯ ರೀಲಿಗೆ ಪೇಟೆಂಟು ಪಡೆದ. ಅದರಲ್ಲಿ ಉರುಳೆ ತಿರುಗುವುದೇ ಇಲ್ಲ; ಗಿರಣಿಯ ಕದಿರಿನಿಂದ ನೂಲು ಜಾರುವ ಹಾಗೆ ದಾರ ಅಂಚಿನ ಮೇಲಿಂದ ಸುರುಳಿಸುರುಳಿಯಾಗಿ ಜಾರುತ್ತದೆ. ಯಾರು ಬೇಕಾದರೂ ಮೊದಲ ದಿನವೇ ದೂರ ಎಸೆಯಬಹುದು. ಎರಡನೆಯ ಮಹಾಯುದ್ಧದ ನಂತರ ಅದು ಅಗ್ಗವಾಗಿ ಎಲ್ಲರ ಕೈಗೆ ಬಂತು. 1960ರ ದಶಕದಲ್ಲಿ ಏರಿಯಲ್ ತಯಾರಿಕೆ ನಿಂತಿತು. ಹಳೆಯ ಗಾಲಿಗಳು ಅಟ್ಟ ಸೇರಿದವು. ಈಗ ಅವುಗಳನ್ನು ಮತ್ತೆ ಕೆಳಗಿಳಿಸಿ, ಎಣ್ಣೆ ಬಿಟ್ಟು, ಹೊಳೆಗೆ ಒಯ್ಯುವವರಿದ್ದಾರೆ. ಏಕೆಂದು ಆ ಹಿರಿಯರನ್ನು ಕೇಳಿದೆವು. ಹೊಸ ರೀಲಿನಿಂದ ಹೆಚ್ಚು ದೂರ ಎಸೆಯಬಹುದು, ಹೆಚ್ಚು ಮೀನೂ ಹಿಡಿಯಬಹುದು, ಅದರಲ್ಲಿ ಅನುಮಾನವಿಲ್ಲ ಎಂದರು. ಆಮೇಲೆ ಬೇರೇನೂ ಹೇಳದೆ ನಮ್ಮ ಹೆಬ್ಬೆರಳನ್ನು ಹಿಡಿದು ತಮ್ಮ ಗಾಲಿಯ ಅಂಚಿನ ಮೇಲೆ ಇಟ್ಟರು. ಬೆಂಡು ಪ್ರವಾಹದಲ್ಲಿ ಹೋಗುತ್ತಿತ್ತು. ಗಾಲಿ ಬೆರಳಿನಡಿ ಮೆಲ್ಲಗೆ ಸರಿಯುತ್ತಿತ್ತು. ಸೇತುವೆಯ ಕಂಬದ ಬಳಿ ನೀರು ಸುಳಿದಲ್ಲಿ ಅದು ತಡೆದು ನಿಂತಿತು. ಸುಳಿ ಕಳೆದ ಮೇಲೆ ಮತ್ತೆ ಹೊರಟಿತು. ಮೂವತ್ತು ಗಜ ದೂರದ ನೀರಿನ ನಡೆ ಹೆಬ್ಬೆರಳಿಗೆ ಬರುತ್ತಿತ್ತು. ನಾಡಿ ನೋಡಿದ ಹಾಗೆ ಎಂದು ನಮಗೆ ಅನ್ನಿಸಿತು.

ನಮ್ಮ ಗಾಲಿಯನ್ನು ಅವರು ತಮ್ಮ ಮಡಿಲಲ್ಲಿಟ್ಟುಕೊಂಡು ಕನ್ನಡಕ ಏರಿಸಿ ನೋಡಿದರು. ಅದರಲ್ಲಿ ಇನ್ನೂ ಹಳೆಯ ರೇಷ್ಮೆದಾರವೇ ಇತ್ತು. ಬಿಚ್ಚಿದಷ್ಟೂ ತುಂಡಾಗಿ ಉದುರುತ್ತಿತ್ತು, ಬೂದಿಯ ಹಾಗೆ. ಹೊರಗಿನ ಪದರ ಹೋದ ಮೇಲೆ ಒಳಗೆ ಸುತ್ತಿನ ಪಕ್ಕ ಸುತ್ತು, ಎಲ್ಲಿಯೂ ಒಂದರ ಮೇಲೊಂದು ಏರದೆ, ಅಂಚಿನಿಂದ ಅಂಚಿಗೆ ಸಾಲಾಗಿ ಕೂತಿತ್ತು. ಅವರು ಸ್ವಲ್ಪ ಹೊತ್ತು ಕೈ ತಡೆದು, ಇದನ್ನು ಯಾರು ಸುತ್ತಿದರು ಎಂದು ಕೇಳಿದರು. ನಮ್ಮ ತಂದೆ ಎಂದೆವು. ತಮ್ಮ ಐವತ್ತು ವರ್ಷದ ಅನುಭವದಲ್ಲಿ ಇಷ್ಟು ಚೆನ್ನಾಗಿ ಸುತ್ತಿದ ದಾರವನ್ನು ನೋಡಿಲ್ಲವೆಂದೂ, ತಂದೆಯವರು ಒಳ್ಳೆಯ ಗಾಳಗಾರರಾಗಿದ್ದಿರಬೇಕೆಂದೂ ಅವರು ಹೇಳಿದರು. ಅಪ್ಪ ಒಮ್ಮೆಯೂ ಗಾಳ ಹಾಕಿದವರಲ್ಲ ಎಂದು ತಿಳಿಸಿ ಹೇಳುವಷ್ಟು ನಮ್ಮ ಇಂಗ್ಲಿಷ್ ಆ ಹೊತ್ತಿಗೆ ಒದಗಲಿಲ್ಲ. ಕೊನೆಯ ಸುತ್ತುಗಳನ್ನು ಬಿಚ್ಚುವುದು ಬೇಡವೆನ್ನಿಸಿತು. ಅವರೇ ಅರ್ಥಮಾಡಿಕೊಂಡು, ಅವುಗಳ ಮೇಲೆಯೇ ತಮ್ಮ ನೈಲಾನು ದಾರವನ್ನು ಸುತ್ತಿದರು.

ಅಲ್ಲಿ ಪರವಾನಗಿಯಿಲ್ಲದೆ ಗಾಳ ಹಿಡಿಯುವಂತಿಲ್ಲ. ಮಾರ್ಚ್ ಮಧ್ಯದಿಂದ ಜೂನ್ ಮಧ್ಯದವರೆಗೆ ಮೀನು ಮೊಟ್ಟೆಯಿಡುವ ಕಾಲವೆಂದು ನದಿಗಳಲ್ಲಿ ಯಾರೂ ಹಿಡಿಯುವಂತೆಯೇ ಇಲ್ಲ. ನಾವು ಹೋದದ್ದು ಸೆಪ್ಟೆಂಬರಿನಲ್ಲಿ. ಮಗಳು ಮೊಬೈಲಿನಲ್ಲೇ ಒಂದು ದಿನದ ಪರವಾನಗಿ ತೆಗೆದುಕೊಟ್ಟಳು. ಹೀಗೆ ಅರವತ್ತೆಂಟನೆಯ ವಯಸ್ಸಿನಲ್ಲಿ, ಮಂಕಿಟೋಪಿ ಹಾಕಿಕೊಂಡು, ಟ್ರೆಂಟ್ ನದಿಯ ಮೆಟ್ಟಿಲ ಮೇಲೆ ಹದಿಮೂರು ಅಡಿಯ ಕೋಲು ಹಿಡಿದು ನಿಂತೆವು. ಶ್ರೀಮತಿಯವರು ನಾಲ್ಕು ಮೆಟ್ಟಿಲು ಮೇಲೆ ಕೂತು, ಮೀನು ಸಿಕ್ಕರೆ ತಾವು ಮನೆಗೆ ಬೇರೆ ಬಸ್ಸಿನಲ್ಲಿ ಹೋಗುವುದಾಗಿ ಮೊದಲೇ ಎಚ್ಚರಿಸಿದ್ದರು. ಮೊದಲ ಏಳೆಂಟು ಸಲ ದಾರ ಗೋಜಲಾಯಿತು. ಆಮೇಲೆ ಬೆಂಡು ಸರಿಯಾಗಿ ಹೊರಟಿತು, ಗಾಲಿ ತಿರುಗತೊಡಗಿತು. ಏರಿಯಲ್ಲಿನಷ್ಟು ನಯವಾಗಿಯಲ್ಲ, ಮರದ ಗಾಲಿಗೆ ಅದು ಸಾಧ್ಯವೂ ಇಲ್ಲ. ತಡೆದು ತಡೆದು, ಮುದುಕರು ಇಳಿಜಾರು ಇಳಿಯುವ ಹಾಗೆ. ಬೆಂಡು ಮುಳುಗಿದಾಗ ಹಿರಿಯರು ಕೂಗಿದರು. ನಾವು ಕೋಲೆತ್ತಿದೆವು. ಮೀನು ಎಳೆಯಿತು, ಗಾಲಿ ಹಿಂದಕ್ಕೆ ಗಿರ್ರನೆ ತಿರುಗಿ ಕೊಂಬಿನ ಹಿಡಿ ಬೆರಳ ಗೆಣ್ಣಿಗೆ ಫಟೀರನೆ ಬಡಿಯಿತು. ಈ ಗಾಲಿಯಲ್ಲಿ ಮೀನಿಗೂ ಮನುಷ್ಯನಿಗೂ ನಡುವೆ ತಡೆಯುವ ಯಂತ್ರವಿಲ್ಲ. ಮೀನು ಓಡಿದರೆ ಹಿಡಿಯೂ ಓಡುತ್ತದೆ. ಅಪ್ಪನ ದೊರೆಯ ಬೆರಳುಗಳ ಮೇಲೆ ಯಾವಾಗಲೂ ಕಪ್ಪು ಗಾಯಗಳಿರುತ್ತಿದ್ದವೆಂದು ಅಪ್ಪ ಹೇಳುತ್ತಿದ್ದುದು ಆಗ ನೆನಪಾಯಿತು.

ಸಿಕ್ಕದ್ದು ರೋಚ್ ಎಂಬ ಬೆಳ್ಳಿಯ ಮೀನು, ಕೆಂಪು ಕಣ್ಣಿನದು, ಅಂಗೈಯಷ್ಟು. ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ, ಒಣಕೈಯಿಂದ ಮುಟ್ಟಿದರೆ ಅದರ ಮೈಯ ಲೋಳೆ ಹೋಗಿ ರೋಗ ಬರುತ್ತದೆ ಎಂದು ಹಿರಿಯರು ಹೇಳಿದರು. ನಾವು ಹಿಡಿಯಲಿಲ್ಲ, ನಮ್ಮಿಂದ ಆಗಲಿಲ್ಲ. ಅವರೇ ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟರು. ಅದು ಒಂದು ಕ್ಷಣ ಮೆಟ್ಟಿಲ ಬಳಿಯೇ ನಿಂತಿದ್ದು, ಆಮೇಲೆ ಹೋಯಿತು. ಅದರ ತುಟಿಯಲ್ಲಿ ಕಂಡ ರಕ್ತದ ಚುಕ್ಕೆಯನ್ನು ನಾವು ಇನ್ನೂ ಮರೆತಿಲ್ಲ. ಎರಡನೆಯ ಸಲ ಗಾಳ ಹಾಕಲಿಲ್ಲ. ಕೊಕ್ಕೆಯನ್ನೇ ಕಟ್ಟದೆ ಬರಿಯ ಬೆಂಡನ್ನು ಬಿಡಲೇ ಎಂದು ಕೇಳಿದಾಗ ಆ ಹಿರಿಯರು ನಗಲಿಲ್ಲ. ಹೀಗೆ ಒಂದು ಗಂಟೆಯ ಕಾಲ, ಮೀನಿಗೆ ಯಾವ ತೊಂದರೆಯೂ ಇಲ್ಲದ ಹಾಗೆ, ಟ್ರೆಂಟ್ ನದಿ ಅಪ್ಪನ ಗಾಲಿಯನ್ನು ತಿರುಗಿಸಿತು. ಶ್ರೀಮತಿಯವರು ನಮ್ಮ ಬಸ್ಸಿನಲ್ಲೇ ಬಂದರು.

ಹೊರಡುವ ಮುನ್ನ ಬೆಲೆಯ ಮಾತು ಬಂತು. ನಾವೇ ಕೇಳಿದೆವು. ಬಾಲ್ಯದಿಂದ ಒಂದು ನಂಬಿಕೆಯಿತ್ತು: ದೊರೆ ಕೊಟ್ಟದ್ದು ಕಡಿಮೆಯ ವಸ್ತುವಾಗಿರಲಾರದು, ಎಂದಾದರೂ ಒಂದು ದಿನ ಬಲ್ಲವರು ನೋಡಿ ಇದು ಸಾವಿರಾರು ರೂಪಾಯಿಯದು ಎಂದಾರು. ಅಪ್ಪನೂ ಇದನ್ನೇ ನಂಬಿದ್ದರು. ಹಿರಿಯರು ಮುಜುಗರಪಟ್ಟುಕೊಂಡರು. ಹಳೆಯ ಏರಿಯಲ್‌ಗಳಿಗೆ ಸಂಗ್ರಾಹಕರು ದೊಡ್ಡ ಬೆಲೆ ಕೊಡುತ್ತಾರೆ; ಆದರೆ ಇಂಥ ಮರದ ನಕ್ಷತ್ರದ ಗಾಲಿಗಳನ್ನು ಆ ಕಾಲದಲ್ಲಿ ರಾಶಿರಾಶಿಯಾಗಿ ಮಾಡಿದ್ದರು, ಈಗಲೂ ಹಳೆ ಸಾಮಾನಿನ ಅಂಗಡಿಗಳಲ್ಲಿ ಸಿಕ್ಕುತ್ತವೆ; ನಲವತ್ತು ಪೌಂಡು ಬಂದರೆ ಹೆಚ್ಚು ಎಂದರು. ನಮ್ಮ ಲೆಕ್ಕದಲ್ಲಿ ಸುಮಾರು ಮೂರೂವರೆ ಸಾವಿರ ರೂಪಾಯಿ. ಹೊಸದಾಗಿದ್ದಾಗಲೂ ಅದು ದುಬಾರಿಯದಾಗಿರಲಿಲ್ಲವಂತೆ, ಕೆಲಸಗಾರರು ಕೊಳ್ಳುತ್ತಿದ್ದ ಗಾಲಿಯಂತೆ. ದೊರೆಯ ಪೆಟ್ಟಿಗೆಯಲ್ಲಿ ಲೋಹದ ಒಳ್ಳೊಳ್ಳೆಯ ರೀಲುಗಳು ಬೇರೆ ಇದ್ದುವೆಂದು ಅಪ್ಪ ಹೇಳಿದ್ದುಂಟು. ಅವು ಹಡಗು ಹತ್ತಿದವು.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಅಂಗೈಯಲ್ಲಿ ಹಿಡಿದು ಮಗುಚಿ ನೋಡಿದಷ್ಟರಲ್ಲೇ ಅವ್ವ ಬೆಲೆಯನ್ನು ಕಟ್ಟಿದ್ದಳು, ಯಾವ ಸಂಗ್ರಾಹಕನ ನೆರವೂ ಇಲ್ಲದೆ.

ಗಾಲಿಯನ್ನು ಅಲ್ಲೇ ಬಿಟ್ಟುಬರಬೇಕೆಂದು ಒಮ್ಮೆ ಅನ್ನಿಸಿತ್ತು. ಹುಟ್ಟಿದ ಊರು, ಬಳಸುವ ಜನ, ತಿರುಗಿಸುವ ನೀರು, ಎಲ್ಲವೂ ಅಲ್ಲಿದೆ. ಇಲ್ಲಿ ಮೋಯಾರ್ ಕಣಿವೆ ಈಗ ಹುಲಿಗಳ ರಕ್ಷಿತಾರಣ್ಯದ ಒಳಗಿದೆ. ಅಲ್ಲಿ ಗಾಳ ಹಾಕುವುದು ಅಪರಾಧ, ಹಾಗಿರುವುದೇ ಸರಿ. ಕಾವೇರಿಯ ಸೀಮೆಯಲ್ಲಲ್ಲದೆ ಜಗತ್ತಿನ ಬೇರೆಲ್ಲಿಯೂ ಇಲ್ಲದ ಡುಬ್ಬದ ಬೆನ್ನಿನ ಮಹಸೀರ್ ಇಂದು ಉಳಿದಿರುವ ಕೆಲವೇ ತಾಣಗಳಲ್ಲಿ ಮೋಯಾರ್ ಒಂದು. 2018ರಲ್ಲಿ ಅದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದ್ದಾರೆ. ದೊರೆ ಹಿಡಿದ ಬಿಳಿಮೀನುಗಳಲ್ಲಿ ಅದೂ ಇದ್ದಿರಬಹುದು. ಆದರೆ ಹೊರಡುವ ದಿನ ಕೈ ಬರಲಿಲ್ಲ. ಹಿರಿಯರಿಗೆ ಮಗಳ ಮನೆಯಿಂದ ಒಂದು ಡಬ್ಬಿ ಮೈಸೂರು ಪಾಕನ್ನು ಕೊಟ್ಟು, ಗಾಲಿಯನ್ನು ಮತ್ತೆ ಸೀರೆಗಳ ನಡುವೆ ಇಟ್ಟುಕೊಂಡು ಬಂದೆವು.

ಬಂದ ಮೇಲೆ ಅದು ತಿರುಗಲಿಲ್ಲ. ಟ್ರೆಂಟ್ ನೀರನ್ನು ಕುಡಿದು ಮರ ಉಬ್ಬಿ ಉರುಳೆ ಬಿಲ್ಲೆಗೆ ಕಚ್ಚಿಕೊಂಡಿತ್ತು, ಮೇಲೆ ನಮ್ಮ ಐಪಸಿಯ ಮಳೆ ಬೇರೆ. ಅರೆಯಬೇಡಿ, ಬಿಸಿಲಿಗಿಡಬೇಡಿ, ತಾನಾಗಿ ಒಣಗಲಿ ಎಂದು ಹಿರಿಯರು ಪತ್ರ ಬರೆದರು. ಅಡುಗೆಮನೆಯ ಅಟ್ಟದ ಮೇಲೆ ಇಟ್ಟು ಕಾದೆವು. ಸಂಕ್ರಾಂತಿಗೆ ತಮ್ಮ ಮಕ್ಕಳು ಮೊಮ್ಮಕ್ಕಳೊಂದಿಗೆ ಬಂದಾಗ ಕೆಳಗಿಳಿಸಿ, ಒಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಎಡಗೈಯಲ್ಲಿ ಹಿಡಿದು ಬೆರಳಿನಿಂದ ಸವರಿದೆವು. ಮಕ್ಕಳು ಇಂಗ್ಲಿಷಿನಲ್ಲಿ ಎಣಿಸತೊಡಗಿದರು. ತಮ್ಮ ಅವರನ್ನು ತಡೆದು ಕನ್ನಡದಲ್ಲಿ ಎಣಿಸಿದ. ಹದಿನೆಂಟಕ್ಕೆ ನಿಂತಿತು. ಆಗ ಅವನು, ಅದುವರೆಗೆ ಕೇಳದಿದ್ದವನು, "ಅಣ್ಣ, ಅಲ್ಲಿ ಬೆಲೆ ಏನಂದರು?" ಎಂದ. ನಲವತ್ತು ಪೌಂಡು ಎಂದೆವು. ಬಾಗಿಲ ಬಳಿಯ ಗೋಡೆಯಲ್ಲಿದ್ದ ಅಪ್ಪ ಅವ್ವನ ಪಟದ ಕಡೆ ಒಮ್ಮೆ ನೋಡಿ ಅವನು, "ಅವ್ವನಿಗೆ ಹೇಳಬೇಡ" ಎಂದ.